ಉದ್ಯಾನ ದೀಪಗಳ ಕಡಿಮೆ ವೋಲ್ಟೇಜ್ ಪರಿವರ್ತಕ

ಉದ್ಯಾನ ದೀಪಗಳ ಕಡಿಮೆ ವೋಲ್ಟೇಜ್ ಪರಿವರ್ತಕವು ಅಂಗಳ, ಉದ್ಯಾನ, ಕಾಲುದಾರಿ, ಕಾರಂಜಿ ಮೊದಲಾದ ಹೊರಾಂಗಣ ಸ್ಥಳಗಳ ದೀಪಗಳಿಗಾಗಿ 230 ವೋಲ್ಟ್‌ನ ವಿದ್ಯುತ್ ಸರಬರಾಜನ್ನು ಸಾಮಾನ್ಯವಾಗಿ 12 ಅಥವಾ 24 ವೋಲ್ಟ್‌ಗೆ ಇಳಿಸಿ ಕೊಡುವ ಸಾಧನವಾಗಿದೆ. ವೋಲ್ಟೇಜನ್ನು ಇಳಿಸುವುದರ ಜೊತೆಗೆ ಮುಖ್ಯ ಸರಬರಾಜಿನ ತಂತಿಗಳಿಗೂ ತೋಟದ ತಂತಿಗಳಿಗೂ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದಂತೆ ತಡೆಯುವುದು ಇದರ ಎರಡನೆಯ ಕೆಲಸ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯುವವರ ಸುರಕ್ಷತೆ ಈ ಎರಡನೆಯ ಗುಣವನ್ನೇ ಹೆಚ್ಚಾಗಿ ಅವಲಂಬಿಸಿದೆ.

ಪರಿವರ್ತಕದ ಆಯ್ಕೆಯಲ್ಲಿ ಸುರಕ್ಷತಾ ಪ್ರತ್ಯೇಕತೆ, ದೀಪಗಳ ಒಟ್ಟು ಭಾರ, ತಂತಿಯ ಉದ್ದ ಮತ್ತು ದಪ್ಪ, ಹೊರಸೂಸುವ ವಿದ್ಯುತ್ತಿನ ಬಗೆ, ಸ್ಥಳದ ಉಷ್ಣಾಂಶ, ನೀರು ಹಾಗೂ ದೂಳಿನಿಂದ ರಕ್ಷಣೆ ಮುಖ್ಯ ಅಂಶಗಳಾಗಿವೆ. ಈ ಲೇಖನದಲ್ಲಿ ಅವುಗಳನ್ನು ಕರ್ನಾಟಕದ, ವಿಶೇಷವಾಗಿ ವಿಜಯಪುರ ಜಿಲ್ಲೆಯ, ಹವೆ ಮತ್ತು ಮಣ್ಣಿನ ಹಿನ್ನೆಲೆಯಲ್ಲಿ ವಿವರಿಸಲಾಗಿದೆ.

## ಹೆಸರಿನ ಬಗ್ಗೆ

"ಕಡಿಮೆ ವೋಲ್ಟೇಜ್" ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ವಿದ್ಯುತ್ ಸರಬರಾಜು ಕಂಪನಿಗಳ ಭಾಷೆಯಲ್ಲಿ ಮನೆಗಳಿಗೆ ಬರುವ 230 ವೋಲ್ಟ್‌ನ ಸಂಪರ್ಕವೂ ಕಡಿಮೆ ಒತ್ತಡದ ವರ್ಗಕ್ಕೆ ಸೇರುತ್ತದೆ. ತಾಂತ್ರಿಕ ಮಾನಕಗಳ ಪ್ರಕಾರ 12 ಮತ್ತು 24 ವೋಲ್ಟ್‌ಗಳು "ಅತಿ ಕಡಿಮೆ ವೋಲ್ಟೇಜ್" ವರ್ಗದವು. ಪರ್ಯಾಯ ವಿದ್ಯುತ್ತಿನಲ್ಲಿ ಈ ವರ್ಗದ ಮೇಲ್ಮಿತಿ 50 ವೋಲ್ಟ್. ಏರಿಳಿತವಿಲ್ಲದ ನೇರ ವಿದ್ಯುತ್ತಿನಲ್ಲಿ 120 ವೋಲ್ಟ್. ಮಾರುಕಟ್ಟೆಯಲ್ಲಿ ಮಾತ್ರ ಇವುಗಳನ್ನು ಸರಳವಾಗಿ ಕಡಿಮೆ ವೋಲ್ಟೇಜ್ ಪರಿವರ್ತಕ, ಅಡಾಪ್ಟರ್ ಅಥವಾ ಡ್ರೈವರ್ ಎಂದು ಕರೆಯುತ್ತಾರೆ.

ಕರ್ನಾಟಕದ ಹಳ್ಳಿಗಳಲ್ಲಿ "ಟಿಸಿ" ಎಂದು ಕರೆಯಲಾಗುವ, ಕಂಬಗಳ ಮೇಲಿರುವ ಪರಿವರ್ತಕವು ಬೇರೆ ಸಾಧನ. ಅದು 11 ಕಿಲೋವೋಲ್ಟ್ ಮಾರ್ಗದ ವಿದ್ಯುತ್ತನ್ನು ಮನೆ ಮತ್ತು ಪಂಪ್‌ಸೆಟ್‌ಗಳು ಬಳಸುವ ಮಟ್ಟಕ್ಕೆ ಇಳಿಸುತ್ತದೆ. ಉದ್ಯಾನ ದೀಪಗಳ ಪರಿವರ್ತಕವು ಅದಾದ ನಂತರದ, ಗ್ರಾಹಕರೇ ತಮ್ಮ ಆವರಣದಲ್ಲಿ ಸೇರಿಸಿಕೊಳ್ಳುವ, ಕೊನೆಯ ಮೆಟ್ಟಿಲು.

## ಹಿನ್ನೆಲೆ

ಪರಿವರ್ತಕದ ತತ್ತ್ವವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದನು. 1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಎಂಜಿನಿಯರುಗಳಾದ ಜಿಪರ್ನೋವ್ಸ್ಕಿ, ಬ್ಲಾಥಿ ಮತ್ತು ಡೇರಿ ಅವರು ಮುಚ್ಚಿದ ಕಬ್ಬಿಣದ ತಿರುಳುಳ್ಳ, ವ್ಯಾವಹಾರಿಕವಾಗಿ ಉಪಯುಕ್ತವಾದ ಪರಿವರ್ತಕವನ್ನು ರೂಪಿಸಿದರು.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿತು. ಪರಿವರ್ತಕಗಳ ಮೂಲಕ ವೋಲ್ಟೇಜನ್ನು ಏರಿಸಿ ಕಳುಹಿಸಿದ್ದರಿಂದಲೇ ಅಷ್ಟು ದೂರದ ಸಾಗಣೆ ಸಾಧ್ಯವಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಇದೇ ಕೇಂದ್ರದಿಂದ ವಿದ್ಯುದ್ದೀಪಗಳು ಬಂದವು. ವೋಲ್ಟೇಜ್ ಹೆಚ್ಚಾದಷ್ಟೂ ವಿದ್ಯುತ್ತು ಕಡಿಮೆ ನಷ್ಟದಲ್ಲಿ ದೂರ ಸಾಗುತ್ತದೆ. ವೋಲ್ಟೇಜ್ ಇಳಿದಷ್ಟೂ ಸಾಗಬಲ್ಲ ದೂರ ಕುಗ್ಗುತ್ತದೆ. ಉದ್ಯಾನ ದೀಪಗಳ ವ್ಯವಸ್ಥೆಯಲ್ಲಿ ಎದುರಾಗುವ ಮುಖ್ಯ ತಾಂತ್ರಿಕ ಸಮಸ್ಯೆಯೂ ಇದೇ ನಿಯಮದಿಂದ ಹುಟ್ಟುತ್ತದೆ.

ಆರಂಭದ ಕಡಿಮೆ ವೋಲ್ಟೇಜ್ ಉದ್ಯಾನ ದೀಪಗಳಲ್ಲಿ ತಂತು ಬಲ್ಬುಗಳೂ ನಂತರ 12 ವೋಲ್ಟ್‌ನ ಹ್ಯಾಲೊಜನ್ ದೀಪಗಳೂ ಬಳಕೆಯಲ್ಲಿದ್ದವು. ಈಗ ಬಹುತೇಕ ಎಲ್‌ಇಡಿ ದೀಪಗಳೇ ಇವೆ. ಇದರಿಂದ ಭಾರ ಬಹಳ ಕಡಿಮೆಯಾಗಿದೆ. ಆದರೆ ಪರಿವರ್ತಕ ಮತ್ತು ದೀಪ ಪರಸ್ಪರ ಹೊಂದಿಕೊಳ್ಳಬೇಕೆಂಬ ಹೊಸ ಷರತ್ತು ಸೇರಿಕೊಂಡಿದೆ.

## ಕಾರ್ಯತತ್ತ್ವ

ಪರಿವರ್ತಕದಲ್ಲಿ ಕಬ್ಬಿಣದ ತಿರುಳಿನ ಮೇಲೆ ಎರಡು ತಾಮ್ರದ ಸುರುಳಿಗಳಿರುತ್ತವೆ. ಪ್ರಾಥಮಿಕ ಸುರುಳಿಗೆ ಪರ್ಯಾಯ ವಿದ್ಯುತ್ ಹರಿದಾಗ ತಿರುಳಿನಲ್ಲಿ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗಿ, ಅದು ದ್ವಿತೀಯಕ ಸುರುಳಿಯಲ್ಲಿ ವೋಲ್ಟೇಜನ್ನು ಪ್ರೇರಿಸುತ್ತದೆ. ಎರಡೂ ಸುರುಳಿಗಳ ಸುತ್ತುಗಳ ಅನುಪಾತವೇ ವೋಲ್ಟೇಜ್‌ಗಳ ಅನುಪಾತವನ್ನು ನಿರ್ಧರಿಸುತ್ತದೆ. 230 ವೋಲ್ಟ್‌ನಿಂದ 12 ವೋಲ್ಟ್ ಪಡೆಯಲು ಈ ಅನುಪಾತ ಸುಮಾರು 19ಕ್ಕೆ 1ರಷ್ಟಿರುತ್ತದೆ.

ಎರಡು ಸುರುಳಿಗಳ ನಡುವೆ ಶಕ್ತಿಯು ಕಾಂತಕ್ಷೇತ್ರದ ಮೂಲಕ ಮಾತ್ರ ದಾಟುತ್ತದೆ; ತಂತಿಯ ಸಂಪರ್ಕ ಇರುವುದಿಲ್ಲ. ಇದೇ ಸುರಕ್ಷತೆಯ ಅಡಿಪಾಯ. ಪ್ರಾಥಮಿಕ ಮತ್ತು ದ್ವಿತೀಯಕ ಸುರುಳಿಗಳ ನಡುವೆ ಎರಡು ಪಟ್ಟು ಅಥವಾ ಬಲಪಡಿಸಿದ ಅವಾಹಕ ಹೊದಿಕೆ ಇರುವ ಪರಿವರ್ತಕವನ್ನು "ಸುರಕ್ಷತಾ ಪ್ರತ್ಯೇಕತಾ ಪರಿವರ್ತಕ" ಎನ್ನುತ್ತಾರೆ.

## ಸುರಕ್ಷತೆ

### ವೋಲ್ಟೇಜ್ ಇಳಿಸುವುದರ ಪ್ರಯೋಜನ

ಮನುಷ್ಯನಿಗೆ ಅಪಾಯವಾಗುವುದು ದೇಹದ ಮೂಲಕ ಹರಿಯುವ ವಿದ್ಯುತ್ ಪ್ರವಾಹದಿಂದ. ಒದ್ದೆಯಾದ ಚರ್ಮವಿದ್ದಾಗ ದೇಹದ ರೋಧವನ್ನು ಲೆಕ್ಕಕ್ಕಾಗಿ ಸುಮಾರು 1,000 ಓಮ್ ಎಂದು ಹಿಡಿದರೆ, 230 ವೋಲ್ಟ್ ತಗುಲಿದಾಗ ಸುಮಾರು 230 ಮಿಲಿಆಂಪಿಯರ್ ಹರಿಯುತ್ತದೆ. ಇದು ಹೃದಯದ ಬಡಿತವನ್ನು ಅಸ್ತವ್ಯಸ್ತಗೊಳಿಸಿ ಪ್ರಾಣ ತೆಗೆಯಬಲ್ಲ ಪ್ರಮಾಣ. ಅದೇ ಸ್ಥಿತಿಯಲ್ಲಿ 12 ವೋಲ್ಟ್‌ಗೆ ಹರಿಯುವುದು ಸುಮಾರು 12 ಮಿಲಿಆಂಪಿಯರ್. ಮನೆಗಳಲ್ಲಿ ಬಳಸುವ ಸೋರಿಕೆ ರಕ್ಷಕ ಸ್ವಿಚ್ಚುಗಳು 30 ಮಿಲಿಆಂಪಿಯರ್ ಮಿತಿಯಲ್ಲಿ ಸಂಪರ್ಕ ಕಡಿಯುವಂತೆ ರೂಪುಗೊಂಡಿರುವುದನ್ನು ಗಮನಿಸಿದರೆ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ.

ಉದ್ಯಾನದಲ್ಲಿ ಈ ರಕ್ಷಣೆಗೆ ವಿಶೇಷ ಕಾರಣಗಳಿವೆ. ತಂತಿಗಳು ನೆಲದಡಿ ಹೋಗುತ್ತವೆ. ಗುದ್ದಲಿ, ಸಲಿಕೆಗಳ ಏಟಿಗೆ ಸಿಗುತ್ತವೆ. ಇಲಿ, ಹೆಗ್ಗಣಗಳು ಹೊದಿಕೆಯನ್ನು ಕಡಿಯುತ್ತವೆ. ಗಿಡಗಳಿಗೆ ನೀರು ಬಿಡುವವರು ಒದ್ದೆ ಕೈಯಲ್ಲಿ, ಚಪ್ಪಲಿಯಿಲ್ಲದೆ ದೀಪದ ಪಕ್ಕದಲ್ಲೇ ನಿಲ್ಲುತ್ತಾರೆ. ಮಕ್ಕಳು ದೀಪಗಳನ್ನು ಮುಟ್ಟಿ ನೋಡುತ್ತಾರೆ. ಹೊದಿಕೆ ಹರಿದ ತಂತಿಯೊಂದು ಒಣಗಿದ ನೆಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದು, ಮೊದಲ ಮಳೆಗೆ ಅಪಾಯಕಾರಿಯಾಗಬಹುದು.

### ಅಂಕಿಗಿಂತ ಪ್ರತ್ಯೇಕತೆ ಮುಖ್ಯ

ಪೆಟ್ಟಿಗೆಯ ಮೇಲೆ "12 ವೋಲ್ಟ್" ಎಂದು ಬರೆದಿರುವುದರಿಂದಲೇ ಸಾಧನ ಸುರಕ್ಷಿತವಾಗುವುದಿಲ್ಲ. ಆಟೋಟ್ರಾನ್ಸ್‌ಫಾರ್ಮರಿನಲ್ಲಿ ಒಂದೇ ಸುರುಳಿಯ ಭಾಗವೊಂದರಿಂದ ಕಡಿಮೆ ವೋಲ್ಟೇಜ್ ತೆಗೆಯಲಾಗುತ್ತದೆ. ಅಗ್ಗದ ಕೆಲವು ಅಡಾಪ್ಟರುಗಳಲ್ಲಿ ಕೆಪಾಸಿಟರಿನ ಮೂಲಕ ವೋಲ್ಟೇಜನ್ನು ತಗ್ಗಿಸಲಾಗುತ್ತದೆ. ಇಂಥ ಸಾಧನಗಳಲ್ಲಿ ಎರಡು ಹೊರ ತಂತಿಗಳ ನಡುವೆ ಅಳೆದರೆ ಕಡಿಮೆ ವೋಲ್ಟೇಜ್ ಕಾಣುತ್ತದೆ. ಆದರೆ ಅದೇ ತಂತಿಗೂ ನೆಲಕ್ಕೂ ನಡುವೆ 230 ವೋಲ್ಟ್ ಇರಬಹುದು. ಆದ್ದರಿಂದ ಇವು ಉದ್ಯಾನಕ್ಕೆ ಸಂಪೂರ್ಣ ನಿಷಿದ್ಧ.

ಪ್ರತ್ಯೇಕತೆಯುಳ್ಳ, ನೆಲಕ್ಕೆ ಜೋಡಿಸದ ಅತಿ ಕಡಿಮೆ ವೋಲ್ಟೇಜ್ ವ್ಯವಸ್ಥೆಯನ್ನು ಮಾನಕಗಳು ಎಸ್‌ಇಎಲ್‌ವಿ ಎಂಬ ಸಂಕ್ಷೇಪದಿಂದ ಗುರುತಿಸುತ್ತವೆ. ಇದರಲ್ಲಿ ದ್ವಿತೀಯಕ ತಂತಿಗಳನ್ನು ಉದ್ದೇಶಪೂರ್ವಕವಾಗಿ ಭೂಸಂಪರ್ಕಕ್ಕೆ ಜೋಡಿಸಬಾರದು. ಸುರಕ್ಷತಾ ಪ್ರತ್ಯೇಕತಾ ಪರಿವರ್ತಕಗಳಿಗೆ ಐಇಸಿ 61558 ಎಂಬ ಅಂತರರಾಷ್ಟ್ರೀಯ ಮಾನಕ ಸರಣಿಯಿದೆ. ಭಾರತದಲ್ಲಿ ಎಲ್‌ಇಡಿ ದೀಪಗಳ ಎಲೆಕ್ಟ್ರಾನಿಕ್ ಡ್ರೈವರುಗಳು ಐಎಸ್ 15885 ಮಾನಕದ ಅಡಿಯಲ್ಲಿ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಒಂದು ಚೌಕದೊಳಗೆ ಇನ್ನೊಂದು ಚೌಕವಿರುವ ಚಿಹ್ನೆಯು ಸಾಧನಕ್ಕೆ ಎರಡು ಪಟ್ಟು ಅವಾಹಕ ರಕ್ಷಣೆ ಇರುವುದನ್ನು ಸೂಚಿಸುತ್ತದೆ.

### ಉಳಿಯುವ ಅಪಾಯಗಳು

ಕಡಿಮೆ ವೋಲ್ಟೇಜ್ ವಿದ್ಯುದಾಘಾತವನ್ನು ತಡೆಯುತ್ತದೆಯೇ ಹೊರತು ಬೆಂಕಿಯನ್ನಲ್ಲ. 300 ವ್ಯಾಟ್‌ನ 12 ವೋಲ್ಟ್ ಪರಿವರ್ತಕವು 25 ಆಂಪಿಯರ್ ಪ್ರವಾಹ ಕೊಡಬಲ್ಲದು. ಸಡಿಲವಾದ ಜೋಡಣೆಯಲ್ಲಿ ಅಥವಾ ತೆಳು ತಂತಿಯಲ್ಲಿ ಇಷ್ಟು ಪ್ರವಾಹ ಹರಿದರೆ ಹೊದಿಕೆ ಕರಗಿ ಒಣ ಎಲೆಗಳಿಗೆ ಕಿಡಿ ತಗುಲಬಹುದು. ಹೀಗಾಗಿ ದ್ವಿತೀಯಕ ಭಾಗದ ಪ್ರತಿ ಮಾರ್ಗಕ್ಕೂ ತಂತಿಯ ಸಾಮರ್ಥ್ಯಕ್ಕೆ ತಕ್ಕ ಫ್ಯೂಸ್ ಅಥವಾ ಸರ್ಕಿಟ್ ಬ್ರೇಕರ್ ಇರಬೇಕು.

ಪರಿವರ್ತಕದವರೆಗೆ ಬರುವ ತಂತಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಆ ಭಾಗಕ್ಕೆ 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ ಸ್ವಿಚ್ ಅಳವಡಿಸುವುದು, ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸುವುದು ಅಗತ್ಯ.

ಈಜುಕೊಳ ಮತ್ತು ಜನರು ಇಳಿಯಬಹುದಾದ ಕಾರಂಜಿ ಕೊಳಗಳಲ್ಲಿ ನಿಯಮ ಇನ್ನೂ ಕಠಿಣವಾಗಿದೆ. ನೀರಿನೊಳಗಿನ ವಲಯದಲ್ಲಿ ಪರ್ಯಾಯ ವಿದ್ಯುತ್ತು 12 ವೋಲ್ಟ್ ಮೀರಬಾರದು ಮತ್ತು ಪರಿವರ್ತಕವು ಕೊಳದ ಅಪಾಯ ವಲಯಗಳಿಂದ ಹೊರಗಿರಬೇಕು ಎಂದು ಅಂತರರಾಷ್ಟ್ರೀಯ ವೈರಿಂಗ್ ಮಾನಕಗಳು ವಿಧಿಸುತ್ತವೆ.

## ವಿಧಗಳು

ತಗಡು ತಿರುಳಿನ ಪರಿವರ್ತಕ. ಸಿಲಿಕಾನ್ ಉಕ್ಕಿನ ತೆಳು ತಗಡುಗಳನ್ನು ಜೋಡಿಸಿ ಮಾಡಿದ ತಿರುಳುಳ್ಳ ಸಾಂಪ್ರದಾಯಿಕ ವಿಧ. ಭಾರ ಹೆಚ್ಚು, ಸಣ್ಣ ಗುಂಯ್‌ಗುಡುವ ಸದ್ದೂ ಇರುತ್ತದೆ. ಆದರೆ ಸೆಕೆ ಮತ್ತು ಸಿಡಿಲಿನ ಸಮಯದ ವೋಲ್ಟೇಜ್ ಏರಿಕೆಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಉಂಗುರ ತಿರುಳಿನ ಪರಿವರ್ತಕ. ಟೊರಾಯ್ಡಲ್ ಎಂದೂ ಕರೆಯಲಾಗುವ ಈ ವಿಧದಲ್ಲಿ ತಿರುಳು ಬಳೆಯಾಕಾರದಲ್ಲಿರುತ್ತದೆ. ನಷ್ಟವೂ ಸದ್ದೂ ಕಡಿಮೆ, ಬೆಲೆ ಹೆಚ್ಚು. ಚಾಲೂ ಮಾಡಿದ ಕ್ಷಣದಲ್ಲಿ ಹೆಚ್ಚಿನ ಪ್ರವಾಹ ಎಳೆಯುವುದರಿಂದ ಅದಕ್ಕೆ ತಕ್ಕ ಸರ್ಕಿಟ್ ಬ್ರೇಕರ್ ಬೇಕಾಗುತ್ತದೆ.

ಹ್ಯಾಲೊಜನ್ ದೀಪಗಳ ಎಲೆಕ್ಟ್ರಾನಿಕ್ ಪರಿವರ್ತಕ. ಇದು ಹತ್ತಾರು ಕಿಲೋಹರ್ಟ್ಸ್ ಆವರ್ತನದ ವಿದ್ಯುತ್ತನ್ನು ಹೊರಸೂಸುತ್ತದೆ. ಪರಿವರ್ತಕದಿಂದ ದೀಪದವರೆಗಿನ ತಂತಿ ಸಾಮಾನ್ಯವಾಗಿ ಎರಡು ಮೀಟರಿನಷ್ಟು ಚಿಕ್ಕದಾಗಿರಬೇಕು. ಕನಿಷ್ಠ ಭಾರದ ಷರತ್ತೂ ಇರುವುದರಿಂದ ಕೆಲವೇ ವ್ಯಾಟ್‌ಗಳ ಎಲ್‌ಇಡಿ ಜೋಡಿಸಿದರೆ ದೀಪ ಮಿಣುಕಬಹುದು. ಉದ್ದನೆಯ ಉದ್ಯಾನ ಮಾರ್ಗಗಳಿಗೆ ಇದು ಸೂಕ್ತವಲ್ಲ.

ಸ್ಥಿರ ವೋಲ್ಟೇಜ್ ಡ್ರೈವರ್. 12 ಅಥವಾ 24 ವೋಲ್ಟ್ ನೇರ ವಿದ್ಯುತ್ ಕೊಡುವ ಎಲೆಕ್ಟ್ರಾನಿಕ್ ಸಾಧನ. ಮಾರುಕಟ್ಟೆಯಲ್ಲಿ ಎಸ್‌ಎಂಪಿಎಸ್ ಎಂದೇ ಪರಿಚಿತ. ಒಳಬರುವ ವೋಲ್ಟೇಜ್ ಏರಿಳಿದರೂ ಹೊರಸೂಸುವ ವೋಲ್ಟೇಜ್ ಸ್ಥಿರವಾಗಿರುತ್ತದೆ. ಹಲವು ದೀಪಗಳನ್ನು ಸಮಾಂತರವಾಗಿ ಜೋಡಿಸಬಹುದು.

ಸ್ಥಿರ ಪ್ರವಾಹ ಡ್ರೈವರ್. 350 ಅಥವಾ 700 ಮಿಲಿಆಂಪಿಯರ್‌ನಂತಹ ನಿಗದಿತ ಪ್ರವಾಹವನ್ನು ಕೊಡುತ್ತದೆ. ದೀಪಗಳನ್ನು ಸರಣಿಯಲ್ಲಿ ಜೋಡಿಸಲಾಗುತ್ತದೆ. ಇದನ್ನು 12 ವೋಲ್ಟ್ ದೀಪಗಳಿಗೆ ಬದಲಿಯಾಗಿ ಬಳಸುವಂತಿಲ್ಲ.

ದೀಪದ ಮೇಲೆ ಪರ್ಯಾಯ ವಿದ್ಯುತ್ ಎಂದಿದೆಯೇ ನೇರ ವಿದ್ಯುತ್ ಎಂದಿದೆಯೇ ಎಂಬುದನ್ನು ಪರಿವರ್ತಕ ಕೊಳ್ಳುವ ಮೊದಲೇ ನೋಡಬೇಕು. ನೇರ ವಿದ್ಯುತ್ತಿಗೆ ಮಾತ್ರ ತಯಾರಾದ ಎಲ್‌ಇಡಿ ಪಟ್ಟಿಯನ್ನು ಕಬ್ಬಿಣದ ತಿರುಳಿನ ಪರಿವರ್ತಕಕ್ಕೆ ನೇರವಾಗಿ ಜೋಡಿಸಿದರೆ ಅದು ಹಾಳಾಗುತ್ತದೆ ಅಥವಾ ಮಿಣುಕುತ್ತದೆ.

## ಸಾಮರ್ಥ್ಯದ ಲೆಕ್ಕ

ಮೊದಲಿಗೆ ಎಲ್ಲ ದೀಪಗಳ ವ್ಯಾಟ್‌ಗಳನ್ನು ಕೂಡಿಸಬೇಕು. ಈ ಮೊತ್ತವು ಪರಿವರ್ತಕದ ಸಾಮರ್ಥ್ಯದ ಶೇ. 80ನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. ಉದಾಹರಣೆಗೆ, ಮೋರಟಗಿಯಂತಹ ಊರಿನ ಮನೆಯೊಂದರ ಅಂಗಳಕ್ಕೆ ಕೆಳಗಿನ ಎಲ್‌ಇಡಿ ದೀಪಗಳು ಬೇಕೆಂದು ಭಾವಿಸಬಹುದು:

* ಕಾಲುದಾರಿಯ ದೀಪಗಳು: 6 × 5 ವ್ಯಾಟ್ = 30 ವ್ಯಾಟ್
* ಮರಗಳಿಗೆ ಕೆಳಗಿನಿಂದ ಬೆಳಕು ಚೆಲ್ಲುವ ದೀಪಗಳು: 4 × 7 ವ್ಯಾಟ್ = 28 ವ್ಯಾಟ್
* ಮೆಟ್ಟಿಲು ದೀಪಗಳು: 4 × 2 ವ್ಯಾಟ್ = 8 ವ್ಯಾಟ್
* ಒಟ್ಟು: 66 ವ್ಯಾಟ್

66ನ್ನು 0.8ರಿಂದ ಭಾಗಿಸಿದರೆ 82.5 ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಮುಂದಿನ ಗಾತ್ರ 100 ವ್ಯಾಟ್. ಮುಂದೆ ಒಂದೆರಡು ದೀಪ ಸೇರಿಸಲೂ ಇದರಲ್ಲಿ ಅವಕಾಶವಿದೆ.

ಕಬ್ಬಿಣದ ತಿರುಳಿನ ಪರಿವರ್ತಕಗಳ ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಹೇಳದೆ ವೋಲ್ಟ್-ಆಂಪಿಯರ್‌ನಲ್ಲಿ ನಮೂದಿಸಲಾಗುತ್ತದೆ. ಎಲ್‌ಇಡಿ ದೀಪಗಳ ಶಕ್ತಿ ಗುಣಾಂಕ 1ಕ್ಕಿಂತ ಕಡಿಮೆ ಇರುವುದರಿಂದ ಅವು ವ್ಯಾಟ್ ಸೂಚಿಸುವುದಕ್ಕಿಂತ ಹೆಚ್ಚು ಪ್ರವಾಹ ಎಳೆಯುತ್ತವೆ. ಶಕ್ತಿ ಗುಣಾಂಕ 0.6 ಇದ್ದರೆ 66 ವ್ಯಾಟ್‌ನ ದೀಪಗಳಿಗೆ 110 ವೋಲ್ಟ್-ಆಂಪಿಯರ್ ಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ 100 ವೋಲ್ಟ್-ಆಂಪಿಯರ್‌ನ ಪರಿವರ್ತಕ ಸಾಲದು, 150ರದು ಬೇಕು.

ಅಗತ್ಯಕ್ಕಿಂತ ಬಹಳ ದೊಡ್ಡ ಪರಿವರ್ತಕವೂ ಒಳ್ಳೆಯದಲ್ಲ. ಕಬ್ಬಿಣದ ತಿರುಳಿನ ಸಣ್ಣ ಪರಿವರ್ತಕಗಳಲ್ಲಿ ಭಾರ ಕಡಿಮೆಯಿದ್ದಾಗ ಹೊರಸೂಸುವ ವೋಲ್ಟೇಜ್ ನಮೂದಿಸಿದ್ದಕ್ಕಿಂತ ಏರುತ್ತದೆ. ಇದು ಹತ್ತಿರದ ದೀಪಗಳ ಆಯುಷ್ಯವನ್ನು ಕುಗ್ಗಿಸುತ್ತದೆ.

## ತಂತಿಯ ಉದ್ದ ಮತ್ತು ವೋಲ್ಟೇಜ್ ಕುಸಿತ

ಮೇಲಿನ 66 ವ್ಯಾಟ್‌ನ ಭಾರವು 230 ವೋಲ್ಟ್‌ನಲ್ಲಿ 0.3 ಆಂಪಿಯರ್‌ಗಿಂತ ಕಡಿಮೆ ಪ್ರವಾಹ ಎಳೆಯುತ್ತದೆ. 12 ವೋಲ್ಟ್‌ನಲ್ಲಿ ಅದೇ ಭಾರಕ್ಕೆ 5.5 ಆಂಪಿಯರ್, 24 ವೋಲ್ಟ್‌ನಲ್ಲಿ 2.75 ಆಂಪಿಯರ್ ಬೇಕು. ಪ್ರವಾಹ ಹೆಚ್ಚಾದಷ್ಟೂ ತಂತಿಯ ರೋಧದಿಂದ ವೋಲ್ಟೇಜ್ ಕುಸಿಯುತ್ತದೆ. ಕುಸಿತವನ್ನು ಓಮ್‌ನ ನಿಯಮದಿಂದ ಹೀಗೆ ಲೆಕ್ಕ ಹಾಕಬಹುದು:

ಕುಸಿತ = 2 × ತಂತಿಯ ಉದ್ದ × ಪ್ರವಾಹ × ಪ್ರತಿ ಮೀಟರಿನ ರೋಧ

ಹೋಗುವ ಮತ್ತು ಮರಳುವ ಎರಡು ತಂತಿಗಳಿರುವುದರಿಂದ ಉದ್ದವನ್ನು ಎರಡರಿಂದ ಗುಣಿಸಲಾಗುತ್ತದೆ. 66 ವ್ಯಾಟ್‌ನ ಭಾರವು ಪರಿವರ್ತಕದಿಂದ 30 ಮೀಟರ್ ದೂರದಲ್ಲಿದ್ದಾಗ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಮ್ರದ ತಂತಿಯಲ್ಲಾಗುವ ಕುಸಿತವು ಮುಂದಿನ ಪಟ್ಟಿಯಲ್ಲಿದೆ.

| ತಂತಿಯ ಅಡ್ಡಕೊಯ್ತ | 1 ಕಿ.ಮೀ.ಗೆ ರೋಧ | 12 ವೋಲ್ಟ್‌ನಲ್ಲಿ ಕುಸಿತ | 24 ವೋಲ್ಟ್‌ನಲ್ಲಿ ಕುಸಿತ |
|---|---|---|---|
| 1.5 ಚದರ ಮಿ.ಮೀ. | 12.1 ಓಮ್ | ಶೇ. 33.3 | ಶೇ. 8.3 |
| 2.5 ಚದರ ಮಿ.ಮೀ. | 7.41 ಓಮ್ | ಶೇ. 20.4 | ಶೇ. 5.1 |
| 4 ಚದರ ಮಿ.ಮೀ. | 4.61 ಓಮ್ | ಶೇ. 12.7 | ಶೇ. 3.2 |
| 6 ಚದರ ಮಿ.ಮೀ. | 3.08 ಓಮ್ | ಶೇ. 8.5 | ಶೇ. 2.1 |

ವೋಲ್ಟೇಜನ್ನು ಎರಡು ಪಟ್ಟು ಮಾಡಿದರೆ ಶೇಕಡಾವಾರು ಕುಸಿತವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ಪಟ್ಟಿಯಿಂದ ಸ್ಪಷ್ಟವಾಗುತ್ತದೆ. ಈ ಲೆಕ್ಕದಲ್ಲಿ ಎಲ್ಲ ದೀಪಗಳೂ ಮಾರ್ಗದ ತುದಿಯಲ್ಲಿವೆ ಎಂದು ಭಾವಿಸಲಾಗಿದೆ. ದೀಪಗಳು ಉದ್ದಕ್ಕೂ ಸಮನಾಗಿ ಹಂಚಿಹೋಗಿದ್ದರೆ ಕೊನೆಯ ದೀಪದಲ್ಲಿನ ಕುಸಿತ ಸರಿಸುಮಾರು ಅರ್ಧದಷ್ಟಿರುತ್ತದೆ. ಬೇಸಿಗೆಯ ಕಾವಿಗೆ ತಾಮ್ರದ ರೋಧ ಹೆಚ್ಚುವುದರಿಂದ ನಿಜವಾದ ಕುಸಿತ ಪಟ್ಟಿಯಲ್ಲಿರುವುದಕ್ಕಿಂತ ತುಸು ಹೆಚ್ಚೇ ಆಗುತ್ತದೆ.

ತಂತು ಮತ್ತು ಹ್ಯಾಲೊಜನ್ ದೀಪಗಳಲ್ಲಿ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಒಳಗೆ ನಿಯಂತ್ರಕವಿರುವ ಎಲ್‌ಇಡಿ ದೀಪಗಳು ಒಂದು ಮಿತಿಯವರೆಗೆ ಸಮನಾಗಿ ಬೆಳಗುತ್ತವೆ. ಆ ಮಿತಿ ದಾಟಿದರೆ ಮಿಣುಕುತ್ತವೆ ಅಥವಾ ಆರಿಹೋಗುತ್ತವೆ.

ಕುಸಿತವನ್ನು ತಗ್ಗಿಸಲು ನಾಲ್ಕು ಮಾರ್ಗಗಳಿವೆ:

1. 12 ವೋಲ್ಟ್‌ಗೆ ಬದಲು 24 ವೋಲ್ಟ್ ದೀಪಗಳನ್ನೂ ಅದಕ್ಕೆ ಹೊಂದುವ ಪರಿವರ್ತಕವನ್ನೂ ಆರಿಸುವುದು.
2. ದಪ್ಪ ತಂತಿ ಬಳಸುವುದು.
3. ಪರಿವರ್ತಕವನ್ನು ದೀಪಗಳ ನಡುಭಾಗಕ್ಕೆ ಹತ್ತಿರವಾಗಿ ಇಟ್ಟು ಎರಡು ಮೂರು ಪ್ರತ್ಯೇಕ ಮಾರ್ಗಗಳನ್ನು ಎಳೆಯುವುದು. ಮೇಲಿನ ಭಾರವನ್ನು 33 ವ್ಯಾಟ್‌ನ ಎರಡು ಮಾರ್ಗಗಳಾಗಿ ಒಡೆದು ದೂರವನ್ನು 20 ಮೀಟರಿಗೆ ಇಳಿಸಿದರೆ, 4 ಚದರ ಮಿ.ಮೀ. ತಂತಿಯಲ್ಲಿ 12 ವೋಲ್ಟ್‌ಗೂ ಕುಸಿತ ಶೇ. 4.2ಕ್ಕೆ ಇಳಿಯುತ್ತದೆ.
4. 13, 14, 15 ವೋಲ್ಟ್‌ಗಳ ಹೆಚ್ಚುವರಿ ತುದಿಗಳಿರುವ ಪರಿವರ್ತಕವನ್ನು ಬಳಸಿ ದೂರದ ಮಾರ್ಗವನ್ನು ಹೆಚ್ಚಿನ ತುದಿಗೆ ಜೋಡಿಸುವುದು. ಆಗ ಆ ಮಾರ್ಗದ ಮೊದಲ ದೀಪಕ್ಕೆ ಮಿತಿ ಮೀರಿದ ವೋಲ್ಟೇಜ್ ಹೋಗದಂತೆ ಅಳೆದು ನೋಡಬೇಕು.

## ವಿಜಯಪುರ ಜಿಲ್ಲೆಯ ಪರಿಸ್ಥಿತಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳನ್ನೊಳಗೊಂಡ ವಿಜಯಪುರ ಜಿಲ್ಲೆಯು ಅರೆಶುಷ್ಕ ಹವೆಯ ಬಯಲುಸೀಮೆ. ಇಲ್ಲಿಗೆ ವಿದ್ಯುತ್ ವಿತರಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರ ಮತ್ತು ಕೂಡಗಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಕೇಂದ್ರಗಳೆರಡೂ ಇದೇ ಜಿಲ್ಲೆಯಲ್ಲಿವೆ. ಕೃಷ್ಣಾ ನದಿಯ ಮೇಲಿನ ಆಲಮಟ್ಟಿ ಆಣೆಕಟ್ಟಿನ ಆವರಣದಲ್ಲಿರುವ ರಾಕ್ ಗಾರ್ಡನ್, ಮೊಘಲ್ ಉದ್ಯಾನ ಮತ್ತು ಸಂಗೀತ ಕಾರಂಜಿಗಳು ಈ ಬಯಲುಸೀಮೆಯಲ್ಲಿ ಉದ್ಯಾನಗಳ ಬಗೆಗಿನ ಆಸಕ್ತಿಯನ್ನು ಬೆಳೆಸಿವೆ. ಮನೆ, ಶಾಲೆ, ಮಠ, ಗುಡಿಗಳ ಅಂಗಳದಲ್ಲಿ ದೀಪ ಅಳವಡಿಸುವಾಗ ಇಲ್ಲಿನ ನಾಲ್ಕು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

### ಎರೆಮಣ್ಣು

ಜಿಲ್ಲೆಯ ಹೆಚ್ಚಿನ ಭಾಗದಲ್ಲಿ ಕಪ್ಪು ಎರೆಮಣ್ಣಿದೆ. ಜೋಳಕ್ಕೆ ಹೆಸರಾದ ಈ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ನೇರವಾಗಿ ಬಿಗಿಯಾಗಿ ಹೂತ ತಂತಿಯನ್ನು ಈ ಚಲನೆ ಎಳೆದು ಜೋಡಣೆಗಳನ್ನು ಸಡಿಲಗೊಳಿಸಬಲ್ಲದು. ತಂತಿಯನ್ನು ಕೊಳವೆಯೊಳಗೆ, ಮರಳಿನ ಹಾಸಿನ ಮೇಲೆ, ಸ್ವಲ್ಪ ಸಡಿಲವಾಗಿ ಎಳೆಯುವುದು ಇದಕ್ಕೆ ಪರಿಹಾರ. ನೆಲದೊಳಗಿನ ಜೋಡಣೆಗಳನ್ನು ಆದಷ್ಟೂ ಕಡಿಮೆ ಮಾಡಿ, ಅನಿವಾರ್ಯವಾದವನ್ನು ರಾಳ ಅಥವಾ ಜೆಲ್ ತುಂಬಿದ ಜಲನಿರೋಧಕ ಡಬ್ಬಿಗಳಲ್ಲಿ ಮಾಡಬೇಕು.

ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ನೆಲಮಟ್ಟದಲ್ಲಿ ಹೂತ ದೀಪಗಳ ಸುತ್ತ ದಿನಗಟ್ಟಲೆ ನೀರು ನಿಲ್ಲಬಹುದು. ಅವುಗಳ ಕೆಳಗೆ ಜಲ್ಲಿ ತುಂಬಿದ ಗುಂಡಿ ಮಾಡಿ ನೀರು ಇಳಿಯಲು ಬಿಡಬೇಕು. ಒದ್ದೆಯಾದ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ, ಹೊದಿಕೆ ಹರಿದ 230 ವೋಲ್ಟ್ ತಂತಿಯು ಇಂಥ ಅಂಗಳದಲ್ಲಿ ಹೆಚ್ಚು ಅಪಾಯಕಾರಿ.

### ಸೆಕೆ ಮತ್ತು ದೂಳು

ಬೇಸಿಗೆಯಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೇರ ಬಿಸಿಲಿಗೆ ಬಿದ್ದ ಲೋಹದ ಪೆಟ್ಟಿಗೆಯೊಳಗೆ ಅದಕ್ಕಿಂತಲೂ ಹೆಚ್ಚಿನ ಕಾವು ಸೇರುತ್ತದೆ. ಅನೇಕ ಎಲೆಕ್ಟ್ರಾನಿಕ್ ಡ್ರೈವರುಗಳು ತಮ್ಮ ಪೂರ್ಣ ಸಾಮರ್ಥ್ಯವನ್ನು 40 ಅಥವಾ 50 ಡಿಗ್ರಿಯವರೆಗೆ ಮಾತ್ರ ಕೊಡುತ್ತವೆ. ಅದರ ಮೇಲೆ ಭಾರವನ್ನು ಇಳಿಸಬೇಕಾಗುತ್ತದೆ. ಅವುಗಳೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಷ್ಯವು ಉಷ್ಣಾಂಶ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಆದ್ದರಿಂದ ಪರಿವರ್ತಕವನ್ನು ಉತ್ತರ ದಿಕ್ಕಿನ ಗೋಡೆಯ ಮೇಲೆ ಅಥವಾ ನೆರಳಿನಲ್ಲಿ, ಸುತ್ತ ಗಾಳಿಯಾಡುವಂತೆ ಕೂರಿಸುವುದು ಮತ್ತು ಒಂದು ಗಾತ್ರ ದೊಡ್ಡದನ್ನು ಆರಿಸುವುದು ಹಿತಕರ.

### ವೋಲ್ಟೇಜ್ ಏರಿಳಿತ ಮತ್ತು ಸಿಡಿಲು

ಪಂಪ್‌ಸೆಟ್‌ಗಳು ಹೆಚ್ಚು ಓಡುವ ಕಾಲದಲ್ಲಿ ವಿತರಣಾ ಮಾರ್ಗದ ಕೊನೆಯಲ್ಲಿರುವ ಊರುಗಳಲ್ಲಿ ವೋಲ್ಟೇಜ್ ಇಳಿಯುವುದುಂಟು. ಕೃಷಿ ಮತ್ತು ಗೃಹಬಳಕೆಯ ಮಾರ್ಗಗಳನ್ನು ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯು ಈ ತೊಂದರೆಯನ್ನು ತಗ್ಗಿಸುವ ಉದ್ದೇಶ ಹೊಂದಿದೆ. ಕಬ್ಬಿಣದ ತಿರುಳಿನ ಪರಿವರ್ತಕದಲ್ಲಿ ಒಳಬರುವ ಏರಿಳಿತವು ಅದೇ ಪ್ರಮಾಣದಲ್ಲಿ ಹೊರಗೂ ಕಾಣುತ್ತದೆ. ಸರಬರಾಜು 180 ವೋಲ್ಟ್‌ಗೆ ಇಳಿದರೆ 12 ವೋಲ್ಟ್‌ನ ಬದಲು ಸುಮಾರು 9.4 ವೋಲ್ಟ್, 250ಕ್ಕೆ ಏರಿದರೆ ಸುಮಾರು 13 ವೋಲ್ಟ್ ಸಿಗುತ್ತದೆ. ವಿಶಾಲ ವ್ಯಾಪ್ತಿಯ ಸ್ಥಿರ ವೋಲ್ಟೇಜ್ ಡ್ರೈವರುಗಳಲ್ಲಿ ಈ ಸಮಸ್ಯೆ ಇಲ್ಲ.

ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆಯಾಗುವಾಗ ಮಾರ್ಗದಲ್ಲಿ ಕ್ಷಣಿಕವಾಗಿ ಅತಿ ಹೆಚ್ಚು ವೋಲ್ಟೇಜ್ ಬರಬಹುದು. ಎಲೆಕ್ಟ್ರಾನಿಕ್ ಡ್ರೈವರ್ ಬಳಸುವಲ್ಲಿ ಸರ್ಜ್ ರಕ್ಷಕವನ್ನು ಸೇರಿಸುವುದು ಅಗತ್ಯ. ಸ್ಥಿರತೆ ಬೇಕಾದಲ್ಲಿ ಎಲೆಕ್ಟ್ರಾನಿಕ್ ಡ್ರೈವರ್, ಒರಟು ಬಾಳಿಕೆ ಬೇಕಾದಲ್ಲಿ ಕಬ್ಬಿಣದ ತಿರುಳು ಎಂಬುದು ಸ್ಥೂಲವಾದ ವಿಂಗಡಣೆ.

### ಇನ್ವರ್ಟರ್ ಬಳಕೆ

ವಿದ್ಯುತ್ ಕಡಿತದ ವೇಳೆ ಅನೇಕ ಮನೆಗಳು ಬ್ಯಾಟರಿ ಇನ್ವರ್ಟರನ್ನು ಅವಲಂಬಿಸುತ್ತವೆ. ಚೌಕ ತರಂಗದ ಇನ್ವರ್ಟರುಗಳಲ್ಲಿ ಕಬ್ಬಿಣದ ತಿರುಳಿನ ಪರಿವರ್ತಕವು ಹೆಚ್ಚು ಸದ್ದು ಮಾಡಿ ಬಿಸಿಯಾಗುತ್ತದೆ. ಇಂಥ ಮನೆಗಳಲ್ಲಿ ಉದ್ಯಾನ ದೀಪಗಳ ಮಾರ್ಗವನ್ನು ಇನ್ವರ್ಟರಿನಿಂದ ಹೊರಗಿಡಬಹುದು ಅಥವಾ ಸೈನ್ ತರಂಗದ ಇನ್ವರ್ಟರ್ ಬಳಸಬಹುದು.

## ನೀರು ಮತ್ತು ದೂಳಿನಿಂದ ರಕ್ಷಣೆಯ ಶ್ರೇಣಿ

ಸಾಧನದ ಹೊರಕವಚವು ಎಷ್ಟು ರಕ್ಷಣೆ ಕೊಡುತ್ತದೆ ಎಂಬುದನ್ನು ಐಪಿ ಶ್ರೇಣಿಯಿಂದ ತಿಳಿಯಬಹುದು. ಮೊದಲ ಅಂಕಿ ಘನವಸ್ತು ಮತ್ತು ದೂಳಿನಿಂದ, ಎರಡನೆಯದು ನೀರಿನಿಂದ ರಕ್ಷಣೆಯನ್ನು ಹೇಳುತ್ತದೆ.

* ಐಪಿ 20: ಒಳಾಂಗಣಕ್ಕೆ ಮಾತ್ರ, ನೀರಿನಿಂದ ರಕ್ಷಣೆ ಇಲ್ಲ.
* ಐಪಿ 44: ಎಲ್ಲ ದಿಕ್ಕಿನ ನೀರಿನ ಸಿಡಿತವನ್ನು ತಡೆಯುತ್ತದೆ, ಮಾಡಿನ ಕೆಳಗೆ ಸೂಕ್ತ.
* ಐಪಿ 65: ದೂಳು ಒಳಹೋಗುವುದಿಲ್ಲ, ಕೊಳವೆಯಿಂದ ಚಿಮ್ಮುವ ನೀರನ್ನು ತಾಳುತ್ತದೆ, ಬಯಲಿನ ಗೋಡೆಗೆ ಸೂಕ್ತ.
* ಐಪಿ 67: ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆ; ಮಳೆಯಲ್ಲಿ ನೀರು ನಿಲ್ಲಬಹುದಾದ ಸ್ಥಳಗಳಿಗೆ ಸೂಕ್ತ.
* ಐಪಿ 68: ತಯಾರಕರು ಹೇಳಿದ ಆಳದಲ್ಲಿ ನಿರಂತರ ಮುಳುಗಿರಬಹುದು, ಕೊಳದ ದೀಪಗಳಿಗೆ ಬೇಕು.

ತಂತಿ ಒಳಹೋಗುವ ರಂಧ್ರಗಳು ಕೆಳಮುಖವಾಗಿದ್ದು ಗ್ಲ್ಯಾಂಡ್‌ನಿಂದ ಬಿಗಿಯಾಗಿರಬೇಕು. ಹಾಗಿಲ್ಲದಿದ್ದರೆ ಮಳೆನೀರಿನೊಂದಿಗೆ ಇರುವೆ, ಹಲ್ಲಿಗಳೂ ಸೇರಿ ಕವಚದ ಶ್ರೇಣಿ ಹೆಸರಿಗಷ್ಟೇ ಉಳಿಯುತ್ತದೆ.

## ನಿಯಂತ್ರಣ ಮತ್ತು ವಿದ್ಯುತ್ ಬಳಕೆ

ಸಂಜೆ ತಾನಾಗಿ ಬೆಳಗಿ ಗೊತ್ತಾದ ಹೊತ್ತಿಗೆ ಆರುವಂತೆ ಟೈಮರ್ ಅಥವಾ ಬೆಳಕು ಗ್ರಹಿಸುವ ಸ್ವಿಚ್ಚನ್ನು ಬಳಸಲಾಗುತ್ತದೆ. ಇದನ್ನು ಪರಿವರ್ತಕದ 230 ವೋಲ್ಟ್ ಭಾಗದಲ್ಲಿ ಇಡುವುದು ಲಾಭಕರ. ದೀಪಗಳು ಆರಿದ್ದರೂ ಪರಿವರ್ತಕಕ್ಕೆ ವಿದ್ಯುತ್ ಇದ್ದರೆ ತಿರುಳಿನಲ್ಲಿ ನಷ್ಟ ಆಗುತ್ತಲೇ ಇರುತ್ತದೆ. ಆ ನಷ್ಟ 5 ವ್ಯಾಟ್ ಎಂದುಕೊಂಡರೆ, ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ ಸುಮಾರು 22 ಯೂನಿಟ್ ವ್ಯರ್ಥವಾಗುತ್ತದೆ. 66 ವ್ಯಾಟ್‌ನ ದೀಪಗಳು ದಿನಕ್ಕೆ 5 ಗಂಟೆ ಉರಿದರೆ ಬೇಕಾಗುವುದು 0.33 ಯೂನಿಟ್ ಮಾತ್ರ.

ತಂತಿ ಎಳೆಯುವುದೇ ಕಷ್ಟವಾದ ದೂರದ ಮೂಲೆಗಳಿಗೆ ಸೌರ ದೀಪಗಳು ಪರ್ಯಾಯ. ಅವುಗಳಲ್ಲಿ ಬ್ಯಾಟರಿಯೇ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ ಕೊಡುವುದರಿಂದ ಪರಿವರ್ತಕ ಬೇಕಾಗುವುದಿಲ್ಲ.

## ಅಳವಡಿಕೆ ಮತ್ತು ತಪಾಸಣೆ

ಪರಿವರ್ತಕವನ್ನು ನೆಲದಿಂದ ಕನಿಷ್ಠ 30 ಸೆಂ.ಮೀ. ಎತ್ತರದಲ್ಲಿ, ನೀರು ಚಿಮುಕಿಸುವ ಸಾಧನಗಳಿಂದ ದೂರವಾಗಿ ಕೂರಿಸುವುದು ಉತ್ತಮ. 230 ವೋಲ್ಟ್ ಮತ್ತು 12 ವೋಲ್ಟ್ ತಂತಿಗಳನ್ನು ಒಂದೇ ಕೊಳವೆಯಲ್ಲಿ ಎಳೆಯಬಾರದು. ಹಾಗೆ ಎಳೆದಾಗ ಹೊದಿಕೆ ಸವೆದು ಎರಡೂ ತಂತಿಗಳು ತಾಗಿದರೆ, ಪರಿವರ್ತಕದೊಳಗಿನ ಪ್ರತ್ಯೇಕತೆ ನಿಷ್ಫಲವಾಗಿ ತೋಟದ ದೀಪಗಳಿಗೆ 230 ವೋಲ್ಟ್ ತಲುಪುತ್ತದೆ.

ಕೆಲಸ ಮುಗಿದ ಮೇಲೆ ಎಲ್ಲ ದೀಪಗಳನ್ನೂ ಬೆಳಗಿಸಿ, ಮಲ್ಟಿಮೀಟರಿನಿಂದ ಮೊದಲ ಮತ್ತು ಕೊನೆಯ ದೀಪಗಳ ವೋಲ್ಟೇಜನ್ನು ಅಳೆಯಬೇಕು. ಎರಡೂ ದೀಪ ತಯಾರಕರು ನಮೂದಿಸಿದ ವ್ಯಾಪ್ತಿಯೊಳಗೆ ಇರಬೇಕು. ಒಂದೆರಡು ಗಂಟೆಯ ನಂತರ ಪರಿವರ್ತಕದ ಕವಚವು ನಿಗದಿತ ಮಿತಿಗಿಂತ ಬಿಸಿಯಾಗಿದೆಯೇ ಎಂದು ನೋಡಬೇಕು. ಪ್ರತಿ ವರ್ಷ ಮುಂಗಾರಿಗೆ ಮುನ್ನ ಸರಬರಾಜನ್ನು ಕಡಿದು ಗ್ಲ್ಯಾಂಡ್‌ಗಳು, ಜೋಡಣೆಗಳು ಮತ್ತು ಬಿರುಕು ಬಿಟ್ಟ ನೆಲದಲ್ಲಿ ಹೊರಬಂದ ತಂತಿಗಳನ್ನು ಪರೀಕ್ಷಿಸುವುದು, ಸೋರಿಕೆ ರಕ್ಷಕ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡುವುದು ಉಪಯುಕ್ತ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪ ತಂತಿಯ ಫ್ಯೂಸ್ ಹಾಕುವುದು ಪರಿಹಾರವಲ್ಲ. ಅದು ಭಾರ ಮೀರಿರುವುದರ ಅಥವಾ ತಂತಿ ತಾಗಿಕೊಂಡಿರುವುದರ ಸೂಚನೆ. ಹಾಳಾದ ಪರಿವರ್ತಕವನ್ನು ಬದಲಿಸುವಾಗ ವೋಲ್ಟೇಜ್ ಮತ್ತು ವ್ಯಾಟ್‌ಗಳ ಜೊತೆಗೆ ಪ್ರತ್ಯೇಕತೆಯ ಚಿಹ್ನೆ, ಹೊರಸೂಸುವ ವಿದ್ಯುತ್ತಿನ ಬಗೆ ಮತ್ತು ಐಪಿ ಶ್ರೇಣಿಯೂ ಹಿಂದಿನದಕ್ಕೆ ಹೊಂದುವಂತಿರಬೇಕು.

## ಇದನ್ನೂ ನೋಡಿ

* ಪರಿವರ್ತಕ
* ವಿದ್ಯುತ್ಕಾಂತೀಯ ಪ್ರೇರಣೆ
* ಓಮ್‌ನ ನಿಯಮ
* ಎಲ್‌ಇಡಿ
* ಭೂಸಂಪರ್ಕ
* ಆಲಮಟ್ಟಿ ಆಣೆಕಟ್ಟು
* ವಿಜಯಪುರ ಜಿಲ್ಲೆ